ಮೂತ್ರಕೋಶದ ಕಲ್ಲು ಮತ್ತು ಒಬ್ಬ ಕರ್ನಲ್

ನಂಜನಗೂಡಿನ ಶ್ರೀಕಂಠೇಶ್ವರನಿಗೆ ವೈದ್ಯನೆಂಬ ಹೆಸರೂ ಉಂಟು. ಆನೆಯ ಕಣ್ಣುಬೇನೆ ವಾಸಿಯಾದಾಗ ಟಿಪ್ಪು ಸುಲ್ತಾನ್ ಈ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂಬ ಐತಿಹ್ಯ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆ ಮನೆಮಾತು. 1791-92ರಲ್ಲಿ ಕಾರ್ನ್‌ವಾಲಿಸ್ ಅದೇ ಟಿಪ್ಪುವಿನ ಮೇಲೆ ದಂಡೆತ್ತಿ ಬಂದಾಗ ಅವನ ಜೊತೆಯಲ್ಲಿದ್ದ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಮೂಲದ ಅಧಿಕಾರಿ ಮಾತ್ರ ತನಗೆ ತಾನೇ ಹಕೀಮನಾದವನು.

ಲಖನೌದಲ್ಲಿ ನೆಲೆಸಿದ್ದ ಮಾರ್ಟಿನ್‌ಗೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಿತ್ತು. 1782ರಲ್ಲಿ ಅವನು ತುದಿಯನ್ನು ಅರದಂತೆ ಒರಟು ಮಾಡಿದ ಉಕ್ಕಿನ ತಂತಿಯನ್ನು ಮೂತ್ರನಾಳದ ಮೂಲಕವೇ ಒಳಗೆ ತೂರಿಸಿ, ತಿಂಗಳುಗಟ್ಟಲೆ ದಿನಕ್ಕೆ ಹಲವು ಸಲ ಕಲ್ಲನ್ನು ಉಜ್ಜಿದ. ಕಲ್ಲು ಪುಡಿಯಾಗಿ ಮೂತ್ರದೊಡನೆ ಹೊರಬಿತ್ತು. ಪ್ಯಾರಿಸ್ಸಿನ ಸಿವಿಯಾಲ್ ರೋಗಿಯ ದೇಹವನ್ನು ಕೊಯ್ಯದೆ ಕಲ್ಲು ಪುಡಿ ಮಾಡಿ ಹೆಸರಾದದ್ದು 1824ರಲ್ಲಿ!

ಇಂಥ ಹುಚ್ಚು ಧೈರ್ಯಕ್ಕೆ ಕಾರಣ ಕತ್ತಿಯ ಭಯ. ಕೊಯ್ದರೆ ಬದುಕುವುದು ಸಂದೇಹ, ಕೊಯ್ಯದಿದ್ದರೆ ಸಾವು ಖಚಿತ. ಆದ್ದರಿಂದ ಅಪ್ಪಣೆ ಪಡೆದೇ ಕೈ ಹಾಕಬೇಕು ಎಂಬುದು ಸುಶ್ರುತ ಸಂಹಿತೆಯ ಅಭಿಪ್ರಾಯ. ಗುದದಲ್ಲಿ ಬೆರಳಿಟ್ಟು ಕಲ್ಲನ್ನು ಕೆಳಗೆ ತಂದು, ಕೊಯ್ದು ತೆಗೆಯುವ ಕ್ರಮ ಅದರಲ್ಲಿದೆ. ಚೂರೊಂದು ಉಳಿದರೂ ಮತ್ತೆ ಬೆಳೆಯುತ್ತದೆ ಎಂಬ ಎಚ್ಚರಿಕೆಯೂ ಇದೆ.

ಆ ಎಚ್ಚರಿಕೆ ಕಲ್ಲಿಗಷ್ಟೇ ಅಲ್ಲ. ಮೂತ್ರಕೋಶ ಸೇರಿದ ದಾರ, ತಂತಿ, ಕೊಳವೆಯ ತುಂಡು ಯಾವುದೇ ಇರಲಿ, ಮೂತ್ರದ ಲವಣ ಅದಕ್ಕೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಒಳಗಿರುವುದನ್ನು ತಿಳಿಯುವುದು ಹೇಗೆ? ಹಿಂದೆ ಲೋಹದ ಸಲಾಕೆ ತೂರಿಸಿ, ಕಲ್ಲಿಗೆ ತಗುಲಿದ 'ಟಿಕ್' ಸದ್ದಿಗೆ ಕಿವಿಗೊಡುತ್ತಿದ್ದರು. 1877ರಲ್ಲಿ ಜರ್ಮನಿಯ ಮ್ಯಾಕ್ಸ್ ನಿಟ್ಸೆ ಸಿಸ್ಟೋಸ್ಕೋಪ್ ತೋರಿಸಿದ. ಮೂತ್ರಕೋಶದೊಳಗೆ ಬೆಳಕು ಬಿತ್ತು. 1895ರಲ್ಲಿ ಎಕ್ಸ್-ರೇ ಬಂತು. ಲೋಹವನ್ನು ಅದು ಸುಲಭವಾಗಿ ತೋರಿಸುತ್ತದೆ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ತೋರಿಸದು. ಆಗ ಅಲ್ಟ್ರಾಸೌಂಡ್ ಬೇಕು, ಅನುಮಾನ ಉಳಿದರೆ ಸಿಸ್ಟೋಸ್ಕೋಪೇ ಗತಿ. ಅದರ ಮೂಲಕವೇ ಸಣ್ಣ ಇಕ್ಕಳ ತೂರಿಸಿ ಬಹುಪಾಲು ವಸ್ತುಗಳನ್ನು ಹೊರಗೆಳೆಯುತ್ತಾರೆ. ದೊಡ್ಡದಾದರೆ ಮಾತ್ರ ಹೊಟ್ಟೆಯ ಕೆಳಭಾಗದಲ್ಲಿ ಕೊಯ್ಯಬೇಕಾದೀತು.

ಯಂತ್ರಕ್ಕೆ ಎಟುಕದ ತೊಡಕು ನಾಚಿಕೆಯದು. ಮಕ್ಕಳು ಕುತೂಹಲಕ್ಕೆ ಏನನ್ನೋ ತೂರಿಸಿಕೊಂಡಿರುತ್ತಾರೆ, ದೊಡ್ಡವರೂ ಇದಕ್ಕೆ ಹೊರತಲ್ಲ. ಉರಿ, ರಕ್ತ, ಪದೇ ಪದೇ ಸೋಂಕು ಕಾಣಿಸಿಕೊಂಡರೂ ನಡೆದದ್ದನ್ನು ಬಾಯಿಬಿಡುವುದಿಲ್ಲ. ವೈದ್ಯರು ಬರೀ ಸೋಂಕಿಗೆ ಮದ್ದು ಕೊಡುತ್ತ ಹೋಗುತ್ತಾರೆ. ಇನ್ನು ಕೆಲವರು ನಾಚಿಕೆಯಿಂದಲ್ಲ, ಮರೆವಿನಿಂದ ಕೆಡುತ್ತಾರೆ. ಕಿಡ್ನಿ ಕಲ್ಲಿನ ಚಿಕಿತ್ಸೆಯಲ್ಲಿ ಇಟ್ಟ 'ಸ್ಟೆಂಟ್' ಎಂಬ ಮೆದು ಕೊಳವೆಯ ಕೆಳತುದಿ ಮೂತ್ರಕೋಶದಲ್ಲಿರುತ್ತದೆ. ನೋವು ಹೋಯಿತೆಂದು ಊರಿಗೆ ಮರಳಿದವರು, ಹೇಳಿದ ದಿನಕ್ಕೆ ಬಂದು ಅದನ್ನು ತೆಗೆಸದಿದ್ದರೆ, ಅದರ ಮೇಲೆಯೇ ಹೊಸ ಕಲ್ಲು ಕಟ್ಟುತ್ತದೆ.