ಗ್ರಂಥಿಗೆ ಅಂಗಡಿಯ ಸಮುದ್ರ ನೊರೆ

ಬೆಂಗಳೂರಿನ ಕಾಮಾಕ್ಷಿಪಾಳ್ಯದಿಂದ ಮಂಗಳೂರಿನ ಕಡಲಿಗೆ ಸುಮಾರು 350 ಕಿ.ಮೀ. ಆದರೂ ಮಾಗಡಿ ರಸ್ತೆಯ ಆಸುಪಾಸಿನ ಗ್ರಂಥಿಗೆ ಅಂಗಡಿಯಲ್ಲಿ ‘ಸಮುದ್ರ ನೊರೆ’ ಕೇಳಿದರೆ ಬೆಂಡಿನಷ್ಟು ಹಗುರಾದ ಬಿಳಿ ಬಿಲ್ಲೆಯೊಂದನ್ನು ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಗಿಣಿ ಸಾಕುವವರು ಅದನ್ನೇ ಪಂಜರಕ್ಕೆ ಕಟ್ಟುತ್ತಾರೆ; ಹಕ್ಕಿಗೆ ಕೊಕ್ಕು ಉಜ್ಜಲೂ ಆಯಿತು, ಸುಣ್ಣದಂಶವೂ ಸಿಕ್ಕಿತು. ಹೆಸರು ನೊರೆಯಾದರೂ ಅದು ಕರಾವಳಿಯವರು ‘ಕಪ್ಪೆ ಬೊಂಡಾಸ್’ ಎನ್ನುವ ಕಡಲಜೀವಿಯ (ಕಟ್ಲ್‌ಫಿಶ್) ಬೆನ್ನೊಳಗಿನ ಚಿಪ್ಪು.

ಈ ಪ್ರಾಣಿಯ ಮೇಲಿನ ಕುತೂಹಲ ಮದ್ದಿನಿಂದಲೇ ಶುರುವಾಯಿತೆನ್ನಬಹುದು. ಆಯುರ್ವೇದದಲ್ಲಿ ಇದು ಸಮುದ್ರಫೇನ, ಕಣ್ಣು ಕಿವಿಗಳ ಔಷಧಗಳಲ್ಲಿ ಬಳಕೆಯಾದದ್ದು. 1758ರಲ್ಲಿ ಲಿನ್ನೇಯಸ್ ಯುರೋಪಿನ ಜಾತಿಯೊಂದಕ್ಕೆ ‘ಸೇಪಿಯಾ ಅಫಿಷಿನಾಲಿಸ್’ ಎಂದು ಹೆಸರಿಟ್ಟ. ಎರಡನೆಯ ಪದಕ್ಕೆ ಔಷಧದಂಗಡಿಗೆ ಸೇರಿದ್ದು ಎಂದೇ ಅರ್ಥ. ನಮ್ಮ ಗ್ರಂಥಿಗೆ ಅಂಗಡಿಯವರಿಗೆ ಈ ಹೆಸರನ್ನು ಯಾರಾದರೂ ಬಿಡಿಸಿ ಹೇಳಬೇಕು. ಹಳೆಯ ಫೋಟೋಗಳ ಕಂದು ಛಾಯೆಗೆ ‘ಸೇಪಿಯಾ’ ಎನ್ನುವುದೂ ಈ ಪ್ರಾಣಿಯ ಮಸಿಯಿಂದಲೇ ಬಂದದ್ದು.

ಚಿಪ್ಪು ಮಾಡುವ ಕೆಲಸವೇನೆಂದು ತಿಳಿಯಲು ಇಪ್ಪತ್ತನೆಯ ಶತಮಾನದ ನಡುಗಾಲ ಬರಬೇಕಾಯಿತು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಡೆಂಟನ್ ಮತ್ತು ಗಿಲ್ಪಿನ್-ಬ್ರೌನ್ 1961ರ ಹೊತ್ತಿಗೆ ಅದನ್ನು ವಿವರಿಸಿದರು: ಚಿಪ್ಪಿನ ಪುಟ್ಟ ಕೋಣೆಗಳಿಂದ ದ್ರವವನ್ನು ಹೊರಹಾಕಿದರೆ ಮೈ ಹಗುರ, ಒಳಬಿಟ್ಟುಕೊಂಡರೆ ಭಾರ. ಆಮೇಲೆ ವಿಜ್ಞಾನಿಗಳ ಗಮನ ಚರ್ಮ ಮತ್ತು ಮಿದುಳಿನತ್ತ ಹೊರಳಿತು. ಬಣ್ಣಗಳನ್ನು ಬೇರ್ಪಡಿಸಿ ಕಾಣುವ ಕಣ್ಣು ಇದಕ್ಕಿಲ್ಲ, ಆದರೂ ಕ್ಷಣಾರ್ಧದಲ್ಲಿ ಮರಳಿನ ಬಣ್ಣಕ್ಕೆ ಮೈ ಹೊಂದಿಸುತ್ತದೆ. 2021ರಲ್ಲಿ ಅಲೆಕ್ಸಾಂಡ್ರಾ ಶ್ನೆಲ್ ತಂಡ ಪ್ರಕಟಿಸಿದ ಪ್ರಯೋಗದಲ್ಲಿ ಆರು ಪ್ರಾಣಿಗಳು ಎದುರಿಗಿದ್ದ ತಿನಿಸನ್ನು ಮುಟ್ಟದೆ, ಹೆಚ್ಚು ಇಷ್ಟದ ಜೀವಂತ ಸಿಗಡಿಗಾಗಿ ಕಾದವು, ಅದೂ 50ರಿಂದ 130 ಸೆಕೆಂಡಿನವರೆಗೆ.

ಲೋಕದ ಗಮನವನ್ನೆಲ್ಲ ಈ ಪ್ರಯೋಗಗಳೇ ಸೆಳೆದವು. ನನಗೆ ಮಾತ್ರ ನಮ್ಮ ಕರಾವಳಿಯ ಅಧ್ಯಯನವೇ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ. ಒಂದು ಕಾಲಕ್ಕೆ ಬಲೆಗೆ ತಾನಾಗಿ ಬಿದ್ದದ್ದಷ್ಟೇ ಆಗಿದ್ದ ಕಪ್ಪೆ ಬೊಂಡಾಸ್, ರಫ್ತಿನ ಬೇಡಿಕೆ ಬಂದ ಮೇಲೆ ಹುಡುಕಿ ಹಿಡಿಯುವ ಸರಕಾಯಿತು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1985ರಲ್ಲಿ ಇ. ಜಿ. ಸೈಲಾಸ್ ಸಂಪಾದಕತ್ವದಲ್ಲಿ ಈ ವರ್ಗದ ಪ್ರಾಣಿಗಳ ಬಗ್ಗೆ ದೊಡ್ಡ ಸಂಪುಟವನ್ನೇ ತಂದಿತು. ಮುಂದೆ ಕರ್ನಾಟಕದ ಕಡಲಿಗೆ ಹೊಸದೊಂದು ಉಪಾಯ ಬಂತು. ಕಾಯಿ ಕಿತ್ತ ಒಣ ತೆಂಗಿನ ಗೊನೆಗಳ ಕಟ್ಟಿಗೆ ಮರಳಿನ ಚೀಲ ಬಿಗಿದು ತಳಕ್ಕೆ ಇಳಿಸುವುದು. ಮೊಟ್ಟೆ ಅಂಟಿಸಲು ಆಸರೆ ಹುಡುಕುವ ಪ್ರಾಣಿಗಳು ಅಲ್ಲಿ ಸೇರಿದಾಗ ಗಾಳ ಹಾಕಿ ಎತ್ತುವುದು. ಹೀಗೆ ಸಿಕ್ಕಿದ್ದು ದೊಡ್ಡ ಗಾತ್ರದ ಮಾಲು, ಒಳ್ಳೆಯ ಬೆಲೆ. ಟ್ರಾಲ್ ದೋಣಿಯವರ ಬಲೆಗಳು ಮಾತ್ರ ಅದೇ ಗೊನೆಗಳಿಗೆ ಸಿಕ್ಕಿಹಾಕಿಕೊಂಡು ಜಗಳಗಳಾದವು.

ಮಂಗಳೂರಿನ ಗೀತಾ ಶಶಿಕುಮಾರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉಪಾಯದ ಒಳಗುಟ್ಟನ್ನು ಬಿಡಿಸಿಟ್ಟಿತು. ಗೊನೆಯ ಸುತ್ತ ಸೇರುವುದು ಮೊಟ್ಟೆಯಿಡಲು ಬಂದ ಬಲಿತ ಪ್ರಾಣಿಗಳು. ಅವನ್ನೇ ಎತ್ತಿದರೆ ಇಂದಿನ ಲಾಭ ನಾಳಿನ ಪೀಳಿಗೆಯನ್ನು ತಿನ್ನುತ್ತದೆ.

ಕಪ್ಪೆ ಬೊಂಡಾಸ್‌ನ ಆಯುಸ್ಸು ಹೆಚ್ಚೆಂದರೆ ವರ್ಷ, ಎರಡು ವರ್ಷ. ಮೊಟ್ಟೆಯಿಟ್ಟ ಮೇಲೆ ಬಹಳ ದಿನ ಬದುಕುವುದಿಲ್ಲ. ಹಾಗಾಗಿ ಮೊಟ್ಟೆಯ ತಿಂಗಳುಗಳಲ್ಲಾದರೂ ಈ ಗೊನೆಗಳನ್ನು ಕಡಲಿಗೆ ಇಳಿಸಬಾರದು.