ಚವರ್ಗ ಪಲ್ಲಟ (ಮರಾಠಿ)

ಮುಂಬಯಿಯಲ್ಲಿ ಆಡುವ ಮರಾಠಿಯ ಚ, ಜ, ಝಗಳಿಗೆ ಎರಡೆರಡು ಉಚ್ಚಾರಣೆ. ಮುಂದೆ ಇ, ಎ, ಯ ಬಂದರೆ ಕನ್ನಡದಂತೆ ತಾಲವ್ಯ. ದೇಶ್ಯ ಪದಗಳಲ್ಲಿ ಅ, ಆ, ಉ, ಓ ಬಂದರೆ ಸಾಮಾನ್ಯವಾಗಿ ದಂತ್ಯ ‘ತ್ಸ’, ‘ದ್ಸ’. ‘ನನ್ನ’ ಎಂಬರ್ಥದ ‘ಮಾಝಾ’ದಲ್ಲಿ ಝ ದಂತ್ಯ, ಸ್ತ್ರೀಲಿಂಗದ ‘ಮಾಝೀ’ಯಲ್ಲಿ ತಾಲವ್ಯ. ಅಲ್ಲಿನ ಹಾರ್ಬರ್ ರೈಲು ಮಾರ್ಗದ ಚುನಾಭಟ್ಟಿ ಮರಾಠಿಗರ ಬಾಯಲ್ಲಿ ‘ತ್ಸುನಾಭಟ್ಟಿ’. ಅದೇ ಮಾರ್ಗದ ಚೆಂಬೂರು ಮಾತ್ರ ಚೆಂಬೂರೇ.

ಚಂದ್ರ, ಜನ್ಮದಂಥ ಸಂಸ್ಕೃತ ಪದಗಳು ಈ ನಿಯಮಕ್ಕೆ ಒಗ್ಗುವುದಿಲ್ಲ. ಬರವಣಿಗೆಯೂ ನೆರವಾಗದು: ‘ಜರಾ’ ದಂತ್ಯವಾದರೆ ‘ತುಸು’, ತಾಲವ್ಯವಾದರೆ ‘ಮುಪ್ಪು’. ಕನ್ನಡಿಗರು ಎಡವುವುದು ಇಲ್ಲಿಯೇ. ಇಂಥದೇ ಪಲ್ಲಟವಿರುವ ತೆಲುಗಿನವರಿಗೆ ಇದು ಸುಲಭ. ಸಕಾರವೂ ಹೀಗೆ ಬದಲಾಗುವುದುಂಟು: ಒಂದು ಎಮ್ಮೆ ‘ಮ್ಹೈಸ್’, ಹಲವಾದರೆ ‘ಮ್ಹಶೀ’.