ಕಾಣದ್ದನ್ನೂ ಬರೆಯಬೇಕಾದ ವರದಿ

1995ರ ಏಪ್ರಿಲ್‌ನಲ್ಲಿ ಡ್ಯಾನ್ ಫಾರ್ಮರ್ ಮತ್ತು ವೀಟ್ಸೆ ವೆನೆಮಾ ಸೇರಿ ಸೇಟನ್ ಎಂಬ ತಂತ್ರಾಂಶವನ್ನು ಉಚಿತವಾಗಿ ಹೊರಬಿಟ್ಟರು. ಜಾಲಕ್ಕೆ ಜೋಡಿಸಿದ ಕಂಪ್ಯೂಟರುಗಳನ್ನು ಹೊರಗಿನಿಂದಲೇ ತಡಕಿ, ಎಲ್ಲಿ ಏನು ಸಡಿಲವಾಗಿದೆ ಎಂದು ಹೇಳುವ ಸಾಧನ ಅದು. ಇದರಿಂದ ಕಳ್ಳರಿಗೇ ಅನುಕೂಲ ಎಂದು ದೊಡ್ಡ ಗುಲ್ಲೆದ್ದಿತು. ಫಾರ್ಮರ್ ನೌಕರಿಯನ್ನೇ ಕಳೆದುಕೊಂಡ. ಹೆಸರು ಕೇಳಿ ಮುಖ ಸಿಂಡರಿಸುವವರಿಗಾಗಿ ಜತೆಯಲ್ಲೇ ‘ರಿಪೆಂಟ್’ ಎಂಬ ಪುಟ್ಟ ಪ್ರೋಗ್ರಾಂ ಇಟ್ಟಿದ್ದರು. ಅದನ್ನು ಓಡಿಸಿದರೆ ಸೇಟನ್ ಎಂಬ ಹೆಸರು ಸ್ಯಾಂಟಾ ಆಗುತ್ತಿತ್ತು. ಇಷ್ಟೆಲ್ಲದರ ನಡುವೆ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಸೇಟನ್ ತಾನು ಕಂಡದ್ದನ್ನು ಬ್ರೌಸರ್‌ನಲ್ಲಿ ಓದುವಂಥ ಪುಟಗಳಾಗಿ ಜೋಡಿಸುತ್ತಿತ್ತು. ದೋಷ ಯಾವುದು, ಅದರಿಂದ ಏನಾದೀತು, ಸರಿಪಡಿಸುವುದು ಹೇಗೆ ಎಂಬ ವಿವರಣೆಯೂ ಅಲ್ಲೇ ಇರುತ್ತಿತ್ತು. ಇವತ್ತಿನ ವಿಎಪಿಟಿ (ದೋಷ ಪತ್ತೆ ಮತ್ತು ನುಸುಳುವಿಕೆ ಪರೀಕ್ಷೆ) ವರದಿ ಎಷ್ಟೇ ಬಣ್ಣ ಬಳಿದುಕೊಂಡು ಬಂದರೂ ಅದರ ಎಲುಬುಗೂಡು ಇದೇ.

ಸೇಟನ್ ನೋಡುತ್ತಿದ್ದದ್ದು ಜಾಲವನ್ನು. ವೆಬ್ ಅಪ್ಲಿಕೇಶನ್ ಕಡೆ ಗಮನ ತಿರುಗಿದ್ದು ಆ ದಶಕದ ಕೊನೆಗೆ. ರೇನ್ ಫಾರೆಸ್ಟ್ ಪಪ್ಪಿ ಎಂಬ ಅಡ್ಡಹೆಸರಿನ ಹ್ಯಾಕರ್ 1998ರ ಡಿಸೆಂಬರ್‌ನಲ್ಲಿ ‘ಫ್ರ್ಯಾಕ್’ ಪತ್ರಿಕೆಯ 54ನೇ ಸಂಚಿಕೆಯಲ್ಲಿ, ಇನ್‌ಪುಟ್ ಮೂಲಕ ಡೇಟಾಬೇಸ್‌ಗೆ ಆಜ್ಞೆ ತೂರಿಸುವ, ಈಗ ಎಸ್‌ಕ್ಯುಎಲ್ ಇಂಜೆಕ್ಷನ್ ಎಂದು ಕರೆಯುವ ದಾಳಿಯನ್ನು ವಿವರಿಸಿದ. ಮರುವರ್ಷ ವಿಸ್ಕರ್ ಎಂಬ ಸ್ಕ್ಯಾನರ್ ಬರೆದ. ಅವನದೇ ಲಿಬ್‌ವಿಸ್ಕರ್ ಎಂಬ ಕೋಡ್ ಸಂಗ್ರಹದ ಮೇಲೆ ಕ್ರಿಸ್ ಸಲ್ಲೊ 2001ರಲ್ಲಿ ಕಟ್ಟಿದ ನಿಕ್ಟೊ ಇಂದಿಗೂ ಬಳಕೆಯಲ್ಲಿದೆ. ಈ ತಲೆಮಾರಿನ ಸ್ಕ್ಯಾನರುಗಳ ಕೆಲಸ ಸರಳ: ಅಪಾಯಕಾರಿ ಎಂದು ಗೊತ್ತಿರುವ ಫೈಲುಗಳ ಉದ್ದ ಪಟ್ಟಿ ಹಿಡಿದು, ಒಂದೊಂದನ್ನೇ ಸರ್ವರ್‌ಗೆ ಕೇಳುವುದು. 404 ಬಂದರೆ ಇಲ್ಲ, 200 ಬಂದರೆ ಇದೆ. ತೊಂದರೆ ಶುರುವಾದದ್ದೂ ಇಲ್ಲೇ. ‘ಕ್ಷಮಿಸಿ, ಪುಟ ಸಿಗಲಿಲ್ಲ’ ಎಂಬ ಮಾತನ್ನು 200 ಸಂಕೇತದ ಜತೆ ಕಳಿಸುವ ತಾಣಗಳಿದ್ದವು, ಈಗಲೂ ಇವೆ. ಎಚ್ಚರವಿಲ್ಲದ ಸ್ಕ್ಯಾನರ್‌ಗೆ ಅಂಥಲ್ಲಿ ಕೇಳಿದ ಫೈಲೆಲ್ಲ ಸಿಕ್ಕಿಬಿಡುತ್ತದೆ. ವರದಿ ನೂರಾರು ಪುಟಕ್ಕೆ ಹಿಗ್ಗುತ್ತದೆ, ನಿಜವಾದ ದೋಷ ಒಂದೂ ಇರುವುದಿಲ್ಲ.

ಕಂಪನಿಗಳೂ ಈ ಕೆಲಸಕ್ಕೆ ಇಳಿದವು. ಸ್ಯಾಂಕ್ಟಮ್‌ನ ಆ್ಯಪ್‌ಸ್ಕ್ಯಾನ್, ಎಸ್‌ಪಿಐ ಡೈನಮಿಕ್ಸ್‌ನ ವೆಬ್‌ಇನ್‌ಸ್ಪೆಕ್ಟ್. ಆ್ಯಪ್‌ಸ್ಕ್ಯಾನ್ ವಾಚ್‌ಫೈರ್ ಕೈಗೆ, 2007ರಲ್ಲಿ ಐಬಿಎಂ ಕೈಗೆ, ಕೊನೆಗೆ 2019ರಲ್ಲಿ ನಮ್ಮ ಎಚ್‌ಸಿಎಲ್ ಕೈಗೆ ಬಂತು. ಇವು ಪಟ್ಟಿಯನ್ನು ನೆಚ್ಚಿಕೊಂಡು ಕೂರಲಿಲ್ಲ. ತಾಣದ ಕೊಂಡಿಗಳನ್ನು ತಾವೇ ಹಿಡಿದು ಹೋಗಿ, ಸಿಕ್ಕ ಫಾರ್ಮ್‌ಗಳಲ್ಲೆಲ್ಲ ಕೀಟಲೆಯ ಇನ್‌ಪುಟ್ ತುಂಬಿ, ಉತ್ತರ ಹೇಗೆ ಬದಲಾಗುತ್ತದೆಂದು ನೋಡುತ್ತಿದ್ದವು. ಹೆಸರಿನ ಜಾಗದಲ್ಲಿ ಒಂಟಿ ಉದ್ಧರಣ ಚಿಹ್ನೆ ಕಳಿಸಿದಾಗ ಡೇಟಾಬೇಸ್‌ನ ಎರರ್ ಹೊರಬಿದ್ದರೆ ಇಂಜೆಕ್ಷನ್‌ನ ಅನುಮಾನ. ಎರರ್ ತೋರಿಸದ ತಾಣವಾದರೆ ‘ಹತ್ತು ಸೆಕೆಂಡು ಮಲಗು’ ಎಂಬ ಆಜ್ಞೆಯನ್ನು ಒಳಗೆ ಸೇರಿಸಿ ಕಳಿಸಿ, ಉತ್ತರ ತಡವಾಗುತ್ತದೆಯೇ ಎಂದು ಕಾಯುವುದು. ಆದರೆ ಆ ಹೊತ್ತಿನಲ್ಲಿ ಸರ್ವರ್ ಬೇರೆ ಕಾರಣಕ್ಕೆ ಏದುಸಿರು ಬಿಡುತ್ತಿದ್ದರೂ ಉತ್ತರ ತಡವಾಗುತ್ತದೆ! ವರದಿಯಲ್ಲಿ ಮಾತ್ರ ಕೆಂಪು ಬಣ್ಣದ ‘ಹೈ’ ಕೂತಿರುತ್ತದೆ.

ಹೀಗಾಗಿ ವರದಿಯ ಬೆಳವಣಿಗೆಯ ಒಂದು ಎಳೆ ಎಂದರೆ ಸಾಕ್ಷ್ಯದ ಬೆಳವಣಿಗೆ. ಕಳಿಸಿದ ರಿಕ್ವೆಸ್ಟ್, ಬಂದ ರೆಸ್ಪಾನ್ಸ್ ಎರಡನ್ನೂ ಯಥಾವತ್ತಾಗಿ ಅಂಟಿಸುವುದು ರೂಢಿಯಾಯಿತು. ಡಾಫಿಡ್ ಸ್ಟಟ್ಟರ್ಡ್ ಕಟ್ಟಿದ ಬರ್ಪ್ ಸೂಟ್ ಪ್ರತಿ ದೋಷಕ್ಕೂ ಎರಡು ಅಳತೆ ಕೊಡುತ್ತದೆ: ದೋಷ ಎಷ್ಟು ಗಂಭೀರ ಎಂಬುದೊಂದು, ಅದು ಇದೆಯೆಂದು ಸ್ಕ್ಯಾನರ್‌ಗೆ ಎಷ್ಟು ಖಾತ್ರಿ ಎಂಬುದು ಇನ್ನೊಂದು. 2010ರಲ್ಲಿ ಸೈಮನ್ ಬೆನೆಟ್ಸ್ ಹೊರತಂದ ಉಚಿತ ಸಾಧನ ಜ್ಯಾಪ್‌ನಲ್ಲೂ ಇದೇ ಏರ್ಪಾಡು. ಎರಡನೆಯ ಅಳತೆಯನ್ನು ಓದದೆ ಮೊದಲನೆಯದನ್ನು ಮಾತ್ರ ಎಣಿಸುವುದರಿಂದಲೇ ಎಷ್ಟೋ ಕಚೇರಿಗಳಲ್ಲಿ ಭದ್ರತಾ ತಂಡಕ್ಕೂ ಡೆವಲಪರ್‌ಗಳಿಗೂ ಮಾತು ಬಿಡುತ್ತದೆ ಎಂಬುದು ನನ್ನ ಅನಿಸಿಕೆ. ನೆಟ್‌ಸ್ಪಾರ್ಕರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ದೋಷವನ್ನು ತಾನೇ ಹದವಾಗಿ ಬಳಸಿ, ಡೇಟಾಬೇಸ್‌ನ ಆವೃತ್ತಿಯಂಥದ್ದೇನಾದರೂ ಎಳೆದು ತಂದು ಪುರಾವೆಯಾಗಿ ಇಡುವುದು. ಬರ್ಪ್‌ನ ಕೊಲಾಬರೇಟರ್ 2015ರಲ್ಲಿ ಬಂತು. ದಾಳಿಗೊಳಗಾದ ಸರ್ವರ್ ತಾನಾಗಿ ಹೊರಗಿನ ಒಂದು ವಿಳಾಸವನ್ನು ಹುಡುಕಿಕೊಂಡು ಬಂದರೆ, ಒಳಗೆ ಏನೋ ನಡೆದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪುರಾವೆಯಿಲ್ಲದೆ ಬರೆಯುವ ಒಂದು ಜಾತಿಯ ದೋಷ ಮಾತ್ರ ಇನ್ನೂ ಹೋಗಿಲ್ಲ. ಸರ್ವರ್ ತನ್ನ ಆವೃತ್ತಿ ಅಪಾಚೆ 2.4.6 ಎಂದು ಹೇಳಿಕೊಂಡರೆ ಸಾಕು, ಆ ಆವೃತ್ತಿಯ ಹೆಸರಿನಲ್ಲಿರುವ ದೋಷಗಳೆಲ್ಲ ವರದಿಗೆ ಬಂದು ಕೂರುತ್ತವೆ. ರೆಡ್ ಹ್ಯಾಟ್‌ನಂಥವರು ಆವೃತ್ತಿ ಸಂಖ್ಯೆಯನ್ನು ಬದಲಿಸದೆ ತೇಪೆಗಳನ್ನಷ್ಟೇ ಹಳೆಯದಕ್ಕೆ ಹಚ್ಚುತ್ತಾರೆ. ಅದು ಸ್ಕ್ಯಾನರ್‌ಗೆ ಕಾಣುವುದಿಲ್ಲ. ಇಂಥ ಸಾಲುಗಳನ್ನು ಅಲ್ಲಗಳೆಯಲು ಸಿಸ್ಟಂ ಅಡ್ಮಿನ್‌ಗಳು ವರ್ಷ ವರ್ಷವೂ ಅದೇ ಉತ್ತರ ಬರೆಯುತ್ತಿರುತ್ತಾರೆ.

ಎರಡನೆಯ ಎಳೆ ಅಂಕದ್ದು. 1999ರಲ್ಲಿ ಮೈಟರ್ ಸಂಸ್ಥೆ ದೋಷಗಳಿಗೆ ಸಿವಿಇ ಎಂಬ ಕ್ರಮಸಂಖ್ಯೆ ಕೊಡಲು ಆರಂಭಿಸಿದಾಗ ಪಟ್ಟಿಯಲ್ಲಿದ್ದದ್ದು 321 ನಮೂದುಗಳು. 2005ರಲ್ಲಿ ಸಿವಿಎಸ್‌ಎಸ್ ಬಂದು ಗಂಭೀರತೆಗೆ 0ಯಿಂದ 10ರ ಮಾಪನ ಒದಗಿಸಿತು. ನಾಲ್ಕನೆಯ ಆವೃತ್ತಿ 2023ರ ನವೆಂಬರ್‌ನದು. ಒಂದು ಕಂಪನಿ ತನಗಾಗಿ ತಾನೇ ಬರೆದ ತಂತ್ರಾಂಶದ ದೋಷಕ್ಕೆ ಸಾಮಾನ್ಯವಾಗಿ ಸಿವಿಇ ಸಂಖ್ಯೆ ಇರುವುದಿಲ್ಲ. ಅಲ್ಲಿ ನೆರವಿಗೆ ಬರುವುದು ದೋಷದ ಜಾತಿ ಹೇಳುವ ಸಿಡಬ್ಲ್ಯುಇ: 89 ಎಂದರೆ ಎಸ್‌ಕ್ಯುಎಲ್ ಇಂಜೆಕ್ಷನ್, 79 ಎಂದರೆ ಕ್ರಾಸ್ ಸೈಟ್ ಸ್ಕ್ರಿಪ್ಟಿಂಗ್.

ಅಂಕಕ್ಕೆ ಅಧಿಕಾರ ಬಂದದ್ದು ಕಾರ್ಡ್ ಉದ್ಯಮದ ಪಿಸಿಐ ನಿಯಮಗಳಿಂದ. ಮಾನ್ಯತೆ ಪಡೆದವರಿಂದ ಮೂರು ತಿಂಗಳಿಗೊಮ್ಮೆ ಹೊರಗಿನ ಸ್ಕ್ಯಾನ್ ಆಗಬೇಕು, ಸಿವಿಎಸ್‌ಎಸ್ ಅಂಕ 4.0 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಪಾಸು. ಅಲ್ಲಿಂದ ವರದಿಗೆ ಇಬ್ಬರು ಓದುಗರಾದರು. ಮೊದಲ ಎರಡು ಪುಟ ವ್ಯವಸ್ಥಾಪಕರಿಗೆ, ಉಳಿದದ್ದು ಕೆಲಸ ಮಾಡುವವರಿಗೆ. ವ್ಯವಸ್ಥಾಪಕರ ಪುಟದಲ್ಲಿ ವೃತ್ತಾಕಾರದ ನಕ್ಷೆ, ಕೆಂಪು, ಕಿತ್ತಳೆ, ಹಳದಿ. ಆದರೆ ಆ ಅಂಕ ಹೇಳುವುದು ದೋಷದ ಸ್ವಭಾವವನ್ನು, ನಿಮ್ಮ ಮನೆಯ ಪರಿಸ್ಥಿತಿಯನ್ನಲ್ಲ. ಈ ಕೊರತೆ ತುಂಬಲು ಎರಡು ಪ್ರಯತ್ನಗಳು ನಡೆದಿವೆ. ಮುಂದಿನ 30 ದಿನಗಳಲ್ಲಿ ಒಂದು ದೋಷ ದಾಳಿಗೆ ಬಳಕೆಯಾಗುವ ಸಂಭವವನ್ನು ಇಪಿಎಸ್‌ಎಸ್ ಎಂಬ ಮಾಪನ ಅಂದಾಜಿಸುತ್ತದೆ. ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ 2021ರ ನವೆಂಬರ್‌ನಿಂದ, ಈಗಾಗಲೇ ದಾಳಿಗೆ ಬಳಕೆಯಾಗಿರುವ ದೋಷಗಳ ಪಟ್ಟಿಯನ್ನೇ ಪ್ರಕಟಿಸುತ್ತಿದೆ.

ಇಷ್ಟಾದರೂ ಸ್ಕ್ಯಾನರ್ ಕಾಣದೆ ಬಿಟ್ಟದ್ದಕ್ಕೆ ಅಂಕವಿಲ್ಲ, ಸಾಕ್ಷ್ಯವೂ ಇಲ್ಲ. 2010ರಲ್ಲಿ ಆಡಂ ಡೂಪೇ, ಮಾರ್ಕೊ ಕೋವಾ, ಜಿಯೊವಾನಿ ವಿನ್ಯಾ ಎಂಬ ಮೂವರು ಸಂಶೋಧಕರು ಬೇಕೆಂದೇ ದೋಷ ತುಂಬಿದ ವ್ಯಾಕೊಪಿಕೊ ಎಂಬ ತಾಣ ಕಟ್ಟಿ ಅದರ ಮೇಲೆ 11 ಸ್ಕ್ಯಾನರುಗಳನ್ನು ಓಡಿಸಿದರು. ಕೆಲವು ಜಾತಿಯ ದೋಷಗಳು ಒಂದಕ್ಕೂ ಸಿಗಲಿಲ್ಲ. ದೋಷ ಗುರುತಿಸುವುದಷ್ಟೇ ಅಲ್ಲ, ಅದಿರುವ ಪುಟದವರೆಗೆ ಹೋಗಿ ಮುಟ್ಟುವುದೂ ಅಷ್ಟೇ ಕಷ್ಟವಾಗಿತ್ತು. ಲಾಗಿನ್ ಆಗಿ, ಮೂರು ಫಾರ್ಮ್ ದಾಟಿ ತಲುಪುವ ಪುಟ ಯಂತ್ರಕ್ಕೆ ದೂರದ ಊರು. ಎಷ್ಟೋ ಸಲ ಅದು ‘ಲಾಗೌಟ್’ ಕೊಂಡಿಯನ್ನೂ ತಾನೇ ಒತ್ತಿ ಹೊರಬಿದ್ದು, ಉಳಿದ ಹೊತ್ತೆಲ್ಲ ಲಾಗಿನ್ ಪುಟವನ್ನೇ ಪರೀಕ್ಷಿಸುತ್ತ ಕೂರುತ್ತದೆ.

ಹೀಗೆ ಕಾಣದೆ ಬಿಡುವುದರ ಬೆಲೆ ಎಷ್ಟೆಂದು 2017ರಲ್ಲಿ ಅಮೆರಿಕದ ಸಾಲ-ಮಾಹಿತಿ ಕಂಪನಿ ಈಕ್ವಿಫ್ಯಾಕ್ಸ್ ತೋರಿಸಿತು. ಮಾರ್ಚ್ 7ರಂದು ಅಪಾಚೆ ಸ್ಟ್ರಟ್ಸ್ ಎಂಬ ವೆಬ್ ಫ್ರೇಮ್‌ವರ್ಕ್‌ನ ಗಂಭೀರ ದೋಷ ಬಹಿರಂಗವಾಯಿತು. ಎರಡೇ ದಿನದಲ್ಲಿ, ತೇಪೆ ಹಾಕಿ ಎಂಬ ಸೂಚನೆ ಕಂಪನಿಯೊಳಗೆ ಹರಡಿತು. 15ರಂದು ಸ್ಕ್ಯಾನ್ ಮಾಡಿದರು; ಏನೂ ಸಿಗಲಿಲ್ಲ. ಸ್ಕ್ಯಾನರ್ ಮೂಲ ಡೈರೆಕ್ಟರಿಯನ್ನು ಮಾತ್ರ ನೋಡಿತ್ತು, ಸ್ಟ್ರಟ್ಸ್ ಇದ್ದದ್ದು ಉಪಡೈರೆಕ್ಟರಿಯಲ್ಲಿ. ಮೇ ತಿಂಗಳಲ್ಲಿ ದಾಳಿಕೋರರು ಅದೇ ಬಾಗಿಲಿನಿಂದ ಒಳಬಂದರು. ಸುಮಾರು 14.7 ಕೋಟಿ ಜನರ ಮಾಹಿತಿ ಹೋಯಿತು. ಸ್ಕ್ಯಾನ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನೋಡಿದ ಜಾಗದಲ್ಲಿ ನಿಜಕ್ಕೂ ಏನೂ ಇರಲಿಲ್ಲ.

ಅಮೆರಿಕದ ಆಸ್ತಿ ಹಕ್ಕು ವಿಮೆಯ ಫಸ್ಟ್ ಅಮೆರಿಕನ್ ಕಂಪನಿಯದು ಇದಕ್ಕೆ ತಿರುಗುಮುರುಗು ಕತೆ. ಯುಆರ್‌ಎಲ್‌ನಲ್ಲಿನ ಅಂಕಿ ಬದಲಿಸಿದರೆ ಬೇರೆಯವರ ಆಸ್ತಿ ವ್ಯವಹಾರದ ಕಾಗದಪತ್ರ ತೆರೆದುಕೊಳ್ಳುತ್ತಿತ್ತು. ಯಾರ ಕಾಗದ ಯಾರು ನೋಡಬಹುದು ಎಂಬುದು ಸ್ಕ್ಯಾನರ್‌ಗೆ ತಿಳಿಯುವ ಸಂಗತಿಯಲ್ಲ, ಮನುಷ್ಯರೇ ಹಿಡಿಯಬೇಕು. 2018ರ ಡಿಸೆಂಬರ್‌ನ ಪರೀಕ್ಷೆಯಲ್ಲಿ ಕಂಪನಿಯವರೇ ಹಿಡಿದರು ಕೂಡ. ಆದರೆ ಗಂಭೀರತೆಯನ್ನು ಇರಬೇಕಾದದ್ದಕ್ಕಿಂತ ಕಡಿಮೆ ನಮೂದಿಸಲಾಯಿತು. ದುರಸ್ತಿ ಮುಂದೆ ಮುಂದೆ ಹೋಯಿತು. 2019ರ ಮೇ ತಿಂಗಳಲ್ಲಿ ಸುದ್ದಿ ಹೊರಬಿದ್ದಾಗ 80 ಕೋಟಿಗೂ ಹೆಚ್ಚು ದಾಖಲೆಗಳು ಬಯಲಲ್ಲಿದ್ದವು.

ನಮ್ಮಲ್ಲಿ ಸರ್ಕಾರಿ ತಾಣವೊಂದು ಎನ್‌ಐಸಿ ಸರ್ವರ್‌ಗೆ ಏರಬೇಕಾದರೆ ಸರ್ಟ್-ಇನ್ ಪಟ್ಟಿಯಲ್ಲಿರುವ ಆಡಿಟರ್‌ನಿಂದ ‘ಸೇಫ್ ಟು ಹೋಸ್ಟ್’ ಪ್ರಮಾಣಪತ್ರ ಬೇಕು. ನಿಯಮ ಒಳ್ಳೆಯದೇ. ಆದರೆ ಪ್ರಮಾಣಪತ್ರವೇ ಗುರಿಯಾದಾಗ ವರದಿ ಅದಕ್ಕೆ ಹೊದಿಸುವ ರಟ್ಟಾಗುತ್ತದೆ. ಸಾಧನದ ಔಟ್‌ಪುಟ್‌ಗೆ ಲೋಗೊ ಅಂಟಿಸಿ ಕೊಡುವುದು, ಇಲ್ಲದ ಒಂದೊಂದು ಭದ್ರತಾ ಹೆಡರ್‌ಗೂ ಬೇರೆ ಬೇರೆ ದೋಷ ಎಂದು ಲೆಕ್ಕ ಹಿಗ್ಗಿಸುವುದು ಬೆಂಗಳೂರಿನ ಐಟಿ ವಲಯದಲ್ಲಿರುವವರಿಗೆ ಹೊಸದಲ್ಲ.

ಈಚಿನ ವರ್ಷಗಳಲ್ಲಿ ಸ್ಕ್ಯಾನ್ ಎಂಬುದು ವರ್ಷಕ್ಕೊಮ್ಮೆಯ ಹಬ್ಬವಾಗಿ ಉಳಿದಿಲ್ಲ; ಕೋಡ್ ಬದಲಾದಾಗಲೆಲ್ಲ ತಾನಾಗಿ ಓಡುತ್ತದೆ. ಪಿಡಿಎಫ್ ಓದಲು ಯಾರಿಗೂ ಪುರುಸೊತ್ತಿಲ್ಲದ ಕಾರಣ ಯಂತ್ರ ಯಂತ್ರಕ್ಕೇ ವರದಿ ಕೊಡುವ ಸಾರಿಫ್ ಎಂಬ ರೂಪಕ್ಕೆ 2020ರಲ್ಲಿ ಓಯಾಸಿಸ್ ಎಂಬ ಮಾನಕ ಸಂಸ್ಥೆಯ ಮನ್ನಣೆ ಸಿಕ್ಕಿತು. ಡಿಫೆಕ್ಟ್‌ಡೋಜೊದಂಥ ತಂತ್ರಾಂಶಗಳು ಹತ್ತಾರು ಸಾಧನಗಳ ಫಲಿತಾಂಶ ಕಲೆಹಾಕಿ ಒಂದೇ ದೋಷ ಎರಡು ಸಲ ಬಂದದ್ದನ್ನು ತೆಗೆಯುತ್ತವೆ. ಎಐ ಬಂದ ಮೇಲೆ ವರದಿ ಬರೆಯುವುದಂತೂ ನೀರು ಕುಡಿದಷ್ಟು ಸುಲಭ. ಕರ್ಲ್ ಎಂಬ ಜನಪ್ರಿಯ ಸಾಧನದ ಕರ್ತೃ ಡೇನಿಯಲ್ ಸ್ಟೆನ್‌ಬರ್ಗ್, ನಯವಾದ ಭಾಷೆಯಲ್ಲಿ ಬರುವ, ಒಳಗೆ ಹುರುಳಿಲ್ಲದ ಇಂಥ ವರದಿಗಳ ಕಾಟವನ್ನು 2024ರ ಜನವರಿಯಲ್ಲೇ ಬಹಿರಂಗವಾಗಿ ಬರೆದುಕೊಂಡ. ಒಂದೊಂದನ್ನೂ ಸುಳ್ಳೆಂದು ತೋರಿಸಲು ಮನುಷ್ಯನ ಗಂಟೆಗಳು ಬೇಕು.

ವರದಿ ಕೈಗೆ ಬಂದಾಗ ನಕ್ಷೆಗಿಂತ ಮೊದಲು ನೋಡಬೇಕಾದದ್ದು ವ್ಯಾಪ್ತಿಯ ಪುಟ. ಯಾವ ಯುಆರ್‌ಎಲ್‌ಗಳವರೆಗೆ ಸ್ಕ್ಯಾನರ್ ತಲುಪಿತು, ಯಾವ ಯಾವ ದರ್ಜೆಯ ಬಳಕೆದಾರರಾಗಿ ಲಾಗಿನ್ ಆಗಿತ್ತು, ಕೊನೆಯವರೆಗೂ ಲಾಗಿನ್ ಆಗಿಯೇ ಇತ್ತೇ, ಎಷ್ಟು ರಿಕ್ವೆಸ್ಟ್‌ಗಳು ಫೈರ್‌ವಾಲ್‌ಗೆ ಬಡಿದು ವಾಪಸಾದವು. ಇವೆಲ್ಲ ಸ್ಕ್ಯಾನ್‌ನ ಲಾಗ್‌ನಲ್ಲಿ ಹುಡುಕಿದರೆ ಸಿಗುತ್ತವೆ. ವರದಿಯಲ್ಲಿ ಮಾತ್ರ, ಕೇಳಿ ಬರೆಸಿಕೊಳ್ಳದಿದ್ದರೆ, ಅಪರೂಪಕ್ಕಷ್ಟೇ ಇರುತ್ತವೆ.